ಎಲ್ಲರನ್ನೂ ಅರ್ಥಮಾಡಿಕೊಂಡಿದ್ದ ಮನುಷ್ಯ

ಎದುರಿಗೆ ಕೂತವರು ಅಳುವುದಕ್ಕೆ ಅರ್ಧ ನಿಮಿಷ ಮೊದಲೇ ನಮ್ಮ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಬಂದವರ ಗಂಟಲು ಇನ್ನೂ ಕಟ್ಟಿರುತ್ತಿರಲಿಲ್ಲ, ಕಣ್ಣು ಒದ್ದೆಯಾಗಿರುತ್ತಿರಲಿಲ್ಲ. ಆದರೆ ಸಾಹೇಬರಿಗೆ ತಿಳಿದುಬಿಡುತ್ತಿತ್ತು. ಕನ್ನಡಕ ಇಟ್ಟು, ಮೇಜು ಬಳಸಿ ಈಚೆಗೆ ಬಂದು, ಪಕ್ಕದ ಕುರ್ಚಿಯಲ್ಲಿ ಕೂತು, ತಲೆ ಒಂದಿಷ್ಟು ವಾಲಿಸಿ, "ಹೇಳಮ್ಮ, ನಂಗೆ ಅರ್ಥ ಆಗುತ್ತೆ" ಎನ್ನುತ್ತಿದ್ದರು. ಅಷ್ಟೇ ಸಾಕು, ಅಳು ಬಂದೇ ಬರುತ್ತಿತ್ತು. ಹದಿನೈದು ನಿಮಿಷದ ನಂತರ ಬಂದವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ಹಗುರಾಗಿ, ಕೈಮುಗಿದು ಹೊರಗೆ ಹೋಗುತ್ತಿದ್ದರು. ತಾವು ಕೇಳಲು ಬಂದಿದ್ದ ರಜೆ ಸಿಕ್ಕಿಲ್ಲ ಎಂಬುದು ಅವರಿಗೆ ಬಸ್ ಹತ್ತಿದ ಮೇಲೆ ನೆನಪಾಗುತ್ತಿತ್ತು.

ಗಾಜಿನ ಬಾಗಿಲಿನ ಈಚೆ ಕೂತು ನಾನು ಒಂಬತ್ತು ವರ್ಷ ಇದನ್ನು ನೋಡಿದ್ದೇನೆ. ನಮ್ಮದು ಮೈಸೂರಿನ ಹೊರವಲಯದ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಮಧ್ಯಮ ಗಾತ್ರದ ಕಾರ್ಖಾನೆ. ನೀರೆತ್ತುವ ಪಂಪುಗಳ ಮೋಟಾರಿಗೆ ತಾಮ್ರದ ತಂತಿ ಸುತ್ತಿ ಕಾಯಿಲ್ ಮಾಡಿಕೊಡುತ್ತೇವೆ. ಸುತ್ತುವವರು ಹೆಚ್ಚಿನವರು ಹೆಂಗಸರು. ಸಾಹೇಬರು ಅಲ್ಲಿ ಎಚ್.ಆರ್. ಮ್ಯಾನೇಜರ್, ನಾನು ಅವರ ಕೈಕೆಳಗಿನ ಗುಮಾಸ್ತ. ಕಳೆದ ತಿಂಗಳು ಅವರು ತೀರಿಕೊಂಡರು. ಸುದ್ದಿ ಕಾರ್ಖಾನೆಯ ವಾಟ್ಸಾಪ್ ಗುಂಪಿಗೆ ಬಂದದ್ದೇ ತಡ, ಮಧ್ಯಾಹ್ನದೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. 'ದೇವರಂಥ ಮನುಷ್ಯ' ಎಂದು ಒಬ್ಬರು ಬರೆದರು. ಉಳಿದವರು ಅದನ್ನೇ ಮತ್ತೆ ಮತ್ತೆ ಹಾಕಿದರು. ನಾನು ಏನೂ ಹಾಕಲಿಲ್ಲ. ನನಗೆ ಹೇಳಬೇಕೆನಿಸಿದ್ದು ಆ ಗುಂಪಿನಲ್ಲಿ ಹಿಡಿಸುವಂಥದ್ದಾಗಿರಲಿಲ್ಲ.

ನೋಡಲು ಅವರು ಯಾರಿಗೂ ಕೆಟ್ಟವರೆನಿಸುವಂಥವರಲ್ಲ. ಇಸ್ತ್ರಿ ಮುರಿಯದ ತಿಳಿಬಣ್ಣದ ಅರ್ಧತೋಳಿನ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಮೆತ್ತನೆಯ ಕೈ. ದನಿಯಂತೂ ಬಿಸಿ ಹಾಲಿನ ಹಾಗೆ. ಅವರು ಯಾರನ್ನೂ ಗದರಿಸಿದ್ದನ್ನು ನಾನು ಕೇಳಿಲ್ಲ. ಗದರಿಸುವ ಅಗತ್ಯವೇ ಅವರಿಗೆ ಬೀಳುತ್ತಿರಲಿಲ್ಲ.

ನಾನು ಸೇರಿದ ಹೊಸತರಲ್ಲಿ ಅವರು ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ಮೂರು ದಿನ ತರಬೇತಿ ಮುಗಿಸಿ ಬಂದಿದ್ದರು. ವಿಷಯ 'ಎಮೋಷನಲ್ ಇಂಟೆಲಿಜೆನ್ಸ್'. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಬಂದವರ ಕಣ್ಣಿಗೆ ನೇರ ಬೀಳುವಂತೆ ತೂಗುಹಾಕಿದರು.

"ಬುದ್ಧಿವಂತರಿಗೇನು ಬರ ಇಲ್ಲ ಶಿವಕುಮಾರ್. ಇನ್ನೊಬ್ಬರ ಭಾವನೆ ಓದೋರು ಎಲ್ಲಿದ್ದಾರೆ ಹೇಳಿ?" ಎಂದರು ನನಗೆ.

ಅಲ್ಲಿಂದ ಪ್ರತಿ ಶನಿವಾರ ಊಟದ ಹೊತ್ತಿನಲ್ಲಿ ಕ್ಯಾಂಟೀನಿನಲ್ಲಿ ಇಪ್ಪತ್ತು ನಿಮಿಷದ ಪಾಠ ಶುರುವಾಯಿತು. ಕೆಲಸದಲ್ಲಿ ತೃಪ್ತಿ ಕಾಣುವುದು ಹೇಗೆ, ಸಿಟ್ಟನ್ನು ಗುರುತಿಸುವುದು ಹೇಗೆ, ಉಸಿರು ಎಳೆದುಕೊಳ್ಳುವುದು ಹೇಗೆ. ಬೆಳಗಿನಿಂದ ತಂತಿ ಸುತ್ತಿ ಹಸಿದಿದ್ದ ಹೆಂಗಸರು ಅನ್ನದ ಡಬ್ಬಿ ಮುಚ್ಚಿಟ್ಟು ಉಸಿರು ಎಳೆದುಕೊಳ್ಳುತ್ತಿದ್ದರು. ಒಂದು ಶನಿವಾರ ಅವರು, "ಮನಸ್ಸನ್ನ ತಂಪಾಗಿಟ್ಟುಕೊಳ್ಳೋದು ನಮ್ಮ ಕೈಯಲ್ಲೇ ಇದೆ" ಎಂದಾಗ, ಕುಂಬಾರಕೊಪ್ಪಲಿನ ಮಹದೇವಮ್ಮ ಎದ್ದು ನಿಂತಳು.

"ಸಾ, ಆ ಮೂಲೇಲಿರೋ ಎರಡು ಫ್ಯಾನ್ ಕೆಟ್ಟು ನಾಕು ತಿಂಗ್ಳಾಯ್ತು. ಅದುನ್ನ ರಿಪೇರಿ ಮಾಡ್ಸುಬುಡಿ, ಮನಸ್ಸು ತಾನಾಗೇ ತಂಪಾಯ್ತದೆ."

ಕ್ಯಾಂಟೀನೆಲ್ಲ ನಕ್ಕಿತು. ಅವರು ಎಲ್ಲರಿಗಿಂತ ಜೋರಾಗಿ ನಕ್ಕರು, ಮಹದೇವಮ್ಮನಿಗೆ ಚಪ್ಪಾಳೆ ಹೊಡೆಸಿದರು. ಮನಸ್ಸು ಬಿಚ್ಚಿ ಮಾತಾಡುವುದು ಆರೋಗ್ಯದ ಲಕ್ಷಣ ಎಂದು ಐದು ನಿಮಿಷ ಹೆಚ್ಚು ಪಾಠ ಮಾಡಿದರು. ಫ್ಯಾನುಗಳು ಆ ಬೇಸಿಗೆ ಕಳೆಯುವವರೆಗೂ ಹಾಗೇ ಇದ್ದವು.

ಅವರಲ್ಲಿ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇತ್ತು. ಕಾರ್ಖಾನೆಯ ಪ್ರತಿಯೊಬ್ಬರಿಗೂ ಅದರಲ್ಲಿ ಒಂದೊಂದು ಪುಟ. ಯಾರ ಮಗ ಎಷ್ಟನೇ ಕ್ಲಾಸು, ಯಾರ ಅತ್ತೆಗೆ ಮಂಡಿನೋವು, ಯಾರ ಗಂಡ ಕುಡಿಯುತ್ತಾನೆ, ಯಾರ ತಂಗಿಯ ಮದುವೆ ಮುರಿಯಿತು. ಬೆಳಿಗ್ಗೆ ಯಂತ್ರಗಳ ನಡುವೆ ಒಂದು ಸುತ್ತು ಹಾಕುವ ಮೊದಲು ಎರಡು ಪುಟ ತಿರುವಿ ನೋಡುತ್ತಿದ್ದರು. ಆಮೇಲೆ ಯಂತ್ರದ ಮುಂದೆ ನಿಂತು, "ಏನಮ್ಮ, ಅತ್ತೆ ಮಂಡಿ ಹೇಗಿದೆ?" ಎಂದರೆ ಆ ಹೆಂಗಸಿನ ಮುಖ ಅರಳುತ್ತಿತ್ತು. ಸಾಹೇಬರು ನೆನಪಿಟ್ಟುಕೊಂಡಿದ್ದಾರಲ್ಲ! ಅವಳು ಆ ದಿನವೆಲ್ಲ ಅದನ್ನು ಅಕ್ಕಪಕ್ಕದವರಿಗೆ ಹೇಳಿಕೊಳ್ಳುತ್ತಿದ್ದಳು.

ಆ ಪುಟಗಳನ್ನು ತುಂಬಿಸಿಕೊಟ್ಟವನು ನಾನು. ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಬರೆಯುವ ಯೋಗ್ಯತೆ ನನಗಿರುವುದಿಲ್ಲ. "ನೀವು ಅವರ ಜೊತೆ ಊಟಕ್ಕೆ ಕೂರ್ತೀರಲ್ಲ ಶಿವಕುಮಾರ್, ಅವರ ಕಷ್ಟ ಸುಖ ನನ್ನ ಕಿವಿಗೂ ಒಂಚೂರು ಹಾಕ್ತಿರಿ. ನನ್ನ ಹತ್ರ ಸಂಕೋಚ ಪಡ್ತಾರೆ" ಎಂದಿದ್ದರು. ಇಂಥ ಅಧಿಕಾರಿ ಎಲ್ಲಿ ಸಿಗುತ್ತಾರೆ ಎಂದುಕೊಂಡು ಹಾಕುತ್ತ ಬಂದೆ.

ನನ್ನ ತಂದೆ ತೀರಿಕೊಂಡಾಗ ನಮ್ಮ ಮನೆಗೆ ಬಂದರು. ಒಂಟಿಕೊಪ್ಪಲಿನ ನಮ್ಮ ಬಾಡಿಗೆ ಮನೆಯಲ್ಲಿ ಕುರ್ಚಿ ಕೊಟ್ಟರೂ ಬೇಡವೆಂದು ಚಾಪೆಯ ಮೇಲೆ, ನನ್ನ ತಾಯಿಯ ಪಕ್ಕ ಕೂತರು. ಅವರ ಕಣ್ಣಿನಿಂದ ನೀರು ಇಳಿಯಿತು. ಹನ್ನೊಂದನೆಯ ದಿನ ಶಿವಗಣಾರಾಧನೆಗೂ ಬಂದು ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ಮಠದಿಂದ ಬಂದಿದ್ದ ಸ್ವಾಮಿಗಳೂ ಅವರನ್ನು ನೋಡಿ ಮೆಚ್ಚಿಕೊಂಡರು. ನನಗೆ ಇನ್ನೂ ಐದು ದಿನ ರಜೆ ಇತ್ತು. ಮಾರನೆಯ ದಿನ ಫೋನು ಬಂತು.

"ನೀವು ಬರೋದು ಬೇಡ ಅಂತ ಹೇಳೋಕೇ ಫೋನ್ ಮಾಡಿದೆ ಶಿವಕುಮಾರ್. ಇಲ್ಲಿ ಆಡಿಟ್ಟಿದೆ, ನಾನು ಹೇಗೋ ನೋಡ್ಕೋತೀನಿ. ನಂಗಿರೋ ಯೋಚನೆ ನಿಮ್ಮದೇ. ಮನೇಲೇ ಕೂತ್ರೆ ದುಃಖ ಮೇಲೆ ಮೇಲೆ ಬರುತ್ತೆ ಕಣ್ರೀ. ಹುಷಾರಾಗಿರಿ."

ಮರುದಿನ ಎಂಟೂವರೆಗೆ ನಾನು ಕಾರ್ಖಾನೆಯಲ್ಲಿದ್ದೆ. ಹೋಗಬೇಕೆಂದು ನಾನೇ ನಿರ್ಧರಿಸಿದೆ ಎಂದು ಮನೆಯವರಿಗೂ ಹೇಳಿದೆ, ನಾನೂ ನಂಬಿದೆ.

ವರ್ಷಕ್ಕೊಮ್ಮೆ ನಮ್ಮಲ್ಲಿ ಕೆಲಸದ ತೃಪ್ತಿಯ ಫಾರಂ ಹಂಚುತ್ತಿದ್ದರು. ನಮ್ಮಿಂದ ಕಾಯಿಲ್ ಕೊಳ್ಳುವ ದೊಡ್ಡ ಕಂಪನಿಯವರಿಗೆ ಅದನ್ನು ತೋರಿಸಬೇಕಿತ್ತು. ಅಳುವ ಮುಖದಿಂದ ನಗುವ ಮುಖದವರೆಗೆ ಐದು ದುಂಡನೆಯ ಮುಖಗಳು, ಒಂದಕ್ಕೆ ಗುರುತು ಹಾಕಬೇಕು. ಹೆಸರು ಬರೆಯುವಂತಿಲ್ಲ. ಇಂಥದ್ದಕ್ಕೇ ಹಾಕಿ ಎಂದು ಅವರು ಒಬ್ಬರಿಗೂ ಹೇಳಲಿಲ್ಲ. ಒಬ್ಬೊಬ್ಬರ ಹತ್ತಿರವೂ ತಾವೇ ಹೋಗಿ, ಮನೆಯ ವಿಚಾರ ಕೇಳಿ, ಫಾರಂ ಕೊಟ್ಟು ಬರುತ್ತಿದ್ದರು. ಎಣಿಸುವ ಕೆಲಸ ನನ್ನದು. ಪ್ರತಿ ವರ್ಷವೂ ಎಲ್ಲವೂ ನಗುವ ಮುಖಗಳೇ.

ಒಂದು ವರ್ಷ ಒಂದೇ ಒಂದು ಅಳುವ ಮುಖ ಬಂತು. ಅದನ್ನು ಅವರ ಮುಂದಿಟ್ಟೆ. ಅವರು ಬೆಳಕಿಗೆ ಹಿಡಿದು ನೋಡಿದರು, ಸಿಟ್ಟಾಗಲಿಲ್ಲ.

"ಇದು ಮಂಜುಳಾದು" ಎಂದರು.

"ಹೇಗೆ ಗೊತ್ತಾಯ್ತು ಸಾರ್?"

"ಎಲ್ಲಾರೂ ಗೀಟು ಎಳೀತಾರೆ. ಅವಳೊಬ್ಬಳು ಇಡೀ ಮುಖಕ್ಕೆ ಪೆನ್ನಲ್ಲಿ ತುಂಬ್ತಾಳೆ. ಹೋದ ವರ್ಷ ನಗೋ ಮುಖಕ್ಕೂ ಹಾಗೇ ತುಂಬಿದ್ಳು. ಪಾಪ, ಏನಾಯ್ತೋ. ಕರೀರಿ."

ಮಂಜುಳಾ ನಮ್ಮಲ್ಲಿ ಎಲ್ಲರಿಗಿಂತ ಚೊಕ್ಕವಾಗಿ ತಂತಿ ಸುತ್ತುತ್ತಿದ್ದವಳು. ಮಾತು ಕಡಿಮೆ. ಬಂದು, ನಿಂತುಕೊಂಡೇ ಹೇಳಿದಳು: "ಬಲಗೈ ಮಣಿಕಟ್ಟು ಇಡ್ಕೊಂಬುಟ್ಟಿದೆ ಸಾರ್. ಮಿಷಿನ್ನಿನ ಹಿಡಿ ತುಂಬಾ ಬಿಗಿ ಇದೆ. ಬೇರೆ ಮಿಷಿನ್ನಿಗೆ ಹಾಕಿ, ಇಲ್ಲ ಒಂದೆರಡು ತಿಂಗಳು ಪ್ಯಾಕಿಂಗಿಗೆ ಕಳಿಸಿ."

ಕನ್ನಡಕ ಮೇಜಿನ ಮೇಲೆ ಹೋಯಿತು. ಅವರು ಪಕ್ಕಕ್ಕೆ ಬಂದು ಕೂತರು.

"ಮನೇಲಿ ಎಲ್ಲಾ ಸರಿ ಇದೆಯೇನಮ್ಮ?"

"ಮನೇದೇನಿಲ್ಲ ಸಾರ್, ಕೈಯಿ…"

"ಅರ್ಥ ಆಗುತ್ತೆ. ಮನಸ್ಸಿಗೆ ನೋವಾದ್ರೆ ಅದು ಮೈಯಲ್ಲಿ ಎಲ್ಲಾದ್ರೂ ಒಂದು ಕಡೆ ಕೂರುತ್ತೆ. ಯಜಮಾನರು ಈಗ ಕುಡಿಯೋದು ಕಮ್ಮಿ ಮಾಡಿದ್ದಾರಾ?"

ಮಂಜುಳಾ ಒಂದು ಗಳಿಗೆ ನನ್ನ ಕಡೆ ನೋಡಿದಳು. ಗಂಡ ಕುಡಿಯುವ ವಿಷಯ ಅವಳು ಊಟದ ಹೊತ್ತಿನಲ್ಲಿ ನನಗೊಬ್ಬನಿಗೆ ಹೇಳಿದ್ದು. ನಾನು ಕಡತ ಹುಡುಕುವವನಂತೆ ತಲೆ ಬಗ್ಗಿಸಿದೆ. ಆಮೇಲೆ ಅವಳು ಅತ್ತಳು. ಅರ್ಧ ಗಂಟೆ ಗಂಡನ ವಿಷಯವೇ ನಡೆಯಿತು. ಹೋಗುವಾಗ ಅವರ ಕಾಲು ಮುಟ್ಟಲು ಬಗ್ಗಿದಳು, ಅವರು ತಡೆದರು. ಮಾರನೆಯ ದಿನವೂ ಅದೇ ಯಂತ್ರ, ಅದೇ ಬಿಗಿ ಹಿಡಿ.

ಅವರ ವಿದ್ಯೆಯ ತಿರುಳು ನನಗೆ ತಿಳಿದದ್ದು ಅವತ್ತು. ಕೆಲಸದ ಯಾವ ದೂರನ್ನೇ ತನ್ನಿ, ಅವರು ಅದನ್ನು ನಯವಾಗಿ ಎತ್ತಿಕೊಂಡು ಹೋಗಿ ನಿಮ್ಮ ಮನೆಯೊಳಗೆ ಇಟ್ಟುಬರುತ್ತಿದ್ದರು. ಕಾರ್ಖಾನೆಯಲ್ಲಿ ಯಾರಿಗೂ ಏನೂ ಕೊರತೆಯಿಲ್ಲ, ಎಲ್ಲ ಕೊರತೆಯೂ ನಮ್ಮ ನಮ್ಮ ಮನೆಗಳಲ್ಲಿ. ತಿಳಿದ ಮೇಲೂ ನಾನು ಊಟಕ್ಕೆ ಅದೇ ಬೆಂಚಿನಲ್ಲಿ ಕೂತೆ, ಕೇಳಿದ್ದನ್ನು ಹೇಳಿದೆ. ಸ್ವಲ್ಪ ಕಡಿಮೆ ಹೇಳಿದೆ, ಅಷ್ಟೇ.

ಇದಾದ ಮರುವರ್ಷ ಆ ದೊಡ್ಡ ಕಂಪನಿ ನಮ್ಮಿಂದ ಕೊಳ್ಳುವುದನ್ನು ಅರ್ಧಕ್ಕಿಳಿಸಿತು. ಇಪ್ಪತ್ತೆರಡು ಜನರನ್ನು ಬಿಡಿಸಬೇಕೆಂದು ಮಾಲೀಕರು ಹೇಳಿದರು. ಯಾರು ಎಷ್ಟು ಕೆಲಸ ಮಾಡಿದ್ದಾರೆ, ಯಾರು ಯಾವಾಗ ಸೇರಿದ್ದಾರೆ ಎಂಬ ದಾಖಲೆಯನ್ನೆಲ್ಲ ಜೋಡಿಸಿಕೊಂಡು ನಾನು ಅವರ ಮುಂದೆ ಹೋದೆ. ಆ ದಾಖಲೆಯ ಪ್ರಕಾರ ಚೆನ್ನಾಗಿ ಕೆಲಸ ಮಾಡುವ ಮೊದಲ ಐದು ಜನರಲ್ಲಿ ಮಂಜುಳಾ ಇದ್ದಳು.

"ಅದನ್ನ ಅಲ್ಲಿಡಿ" ಎಂದರು. ಡ್ರಾಯರಿನಿಂದ ನೀಲಿ ನೋಟ್‌ಬುಕ್ ತೆಗೆದರು. "ನಾನು ಹೇಳ್ತೀನಿ, ಟೈಪ್ ಮಾಡ್ಕೊಳ್ಳಿ. ಹೆಸರಿನ ಮುಂದೆ ಒಂದು ಷರಾ ಕಾಲಂ ಇರಲಿ. ಇದು ನಮ್ಮಿಬ್ಬರಿಗೆ ಮಾತ್ರ."

ಪುಟ ತಿರುವುತ್ತ ಒಂದೊಂದೇ ಹೆಸರು ಹೇಳಿದರು. ಷರಾ ಕಾಲಮ್ಮಿಗೂ ಅವರೇ ಹೇಳಿದರು. 'ಗಂಡನಿಲ್ಲ, ಹೆದರುತ್ತಾಳೆ.' 'ಅಣ್ಣನ ಮಾತು ಕೇಳುತ್ತಾಳೆ, ಅಣ್ಣನಿಗೆ ಫೋನ್ ಮಾಡಬೇಕು.' 'ಅವಮಾನಕ್ಕೆ ಅಂಜುತ್ತಾನೆ, ಯಾರಿಗೂ ಹೇಳಿಕೊಳ್ಳುವುದಿಲ್ಲ.' 'ನಮ್ಮ ಮೇಲೆ ಭಕ್ತಿ ಇದೆ.' ಮಹದೇವಮ್ಮನ ಪುಟ ಬಂದಾಗ ಸಣ್ಣಗೆ ನಕ್ಕು, "ಇವಳು ಬೇಡ. ಬಾಯಿ ಜೋರು, ನಾಳೆ ಗೇಟಿನ ಮುಂದೆ ಕೂತ್ಬಿಡ್ತಾಳೆ" ಎಂದು ಮುಂದಿನ ಪುಟಕ್ಕೆ ಹೋದರು. ಕೆಲಸ ಗೊತ್ತಿದ್ದವರು, ಗೊತ್ತಿಲ್ಲದವರು ಎಂಬ ಮಾತೇ ಬರಲಿಲ್ಲ. ಅವರು ಆರಿಸಿದ್ದು ಸದ್ದಿಲ್ಲದೆ ಹೋಗುವವರನ್ನು.

ಮಂಜುಳಾಳ ಹೆಸರು ಬಂದಾಗ ನನ್ನ ಬೆರಳು ನಿಂತಿತು.

"ಸಾರ್, ಆಕೆ ಕೆಲಸ ತುಂಬ ಚೆನ್ನಾಗಿದೆ."

"ಗೊತ್ತು ಕಣ್ರೀ. ಬೇರೆ ಕಡೆ ಸಿಗುತ್ತೆ ಅವಳಿಗೆ. ಬರ್ಕೊಳ್ಳಿ, 'ಹೇಳಿದರೆ ಅರ್ಥಮಾಡಿಕೊಳ್ಳುತ್ತಾಳೆ.'"

ಬರೆದುಕೊಂಡೆ. ಅವರ ಮುಖ ನೋಡಿದರೆ ನಿಜವಾಗಿಯೂ ಬಾಡಿತ್ತು.

ಮಾರನೆಯ ದಿನ ಬೆಳಿಗ್ಗೆಯಿಂದ ಒಬ್ಬೊಬ್ಬರನ್ನೇ ಒಳಗೆ ಕರೆದರು. ಬಂದವರು ಹೊರಗೆ ನನ್ನ ಮೇಜಿನ ಎದುರಿನ ಬೆಂಚಿನಲ್ಲಿ ಸರದಿ ಕಾಯುತ್ತಿದ್ದರು. ಸ್ವಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ ಎಂಬ ಕಾಗದ ಇಪ್ಪತ್ತೆರಡು ಪ್ರತಿ ನನ್ನ ಮುಂದಿತ್ತು. ಇಪ್ಪತ್ತೆರಡೂ ಸಹಿಯಾಗಿ ಬಂದವು. ಒಂದು ಜೋರು ಮಾತೂ ಕೇಳಿಸಲಿಲ್ಲ. ಮಂಜುಳಾ ಕೊನೆಯವಳು. ಆಚೆಗೆ ಬಂದು ನನ್ನ ಮೇಜಿನ ಹತ್ತಿರ ನಿಂತು, "ಸಾರ್‌ಗೆ ಎಷ್ಟು ಸಂಕಟ ಆಗಿರ್ಬೇಕು ಅಲ್ವಾ? ನನ್ನ ಕೈ ಹಿಡ್ಕೊಂಡು ಅತ್ಬುಟ್ರು" ಎಂದಳು.

ಸಂಜೆ ಅವರು ತಲೆ ಹಿಡಿದುಕೊಂಡು ಕೂತಿದ್ದರು. "ಇಂಥ ದಿನ ಶತ್ರುಗೂ ಬೇಡ ಶಿವಕುಮಾರ್. ನಡೀರಿ, ಏನಾದ್ರೂ ತಿನ್ನೋಣ." ಒಂಟಿಕೊಪ್ಪಲಿನ ಒಂದು ಹೋಟೆಲಿನಲ್ಲಿ ಕಾರು ನಿಲ್ಲಿಸಿದರು. ಎರಡು ಮಸಾಲೆ ದೋಸೆ ತಿಂದರು, ಚಟ್ನಿ ಮತ್ತೊಮ್ಮೆ ಹಾಕಿಸಿಕೊಂಡರು. ಚಟ್ನಿಗೆ ಹುರಿಗಡಲೆ ಹೆಚ್ಚಾಗಿದೆ ಎಂದು ಮಾಣಿಗೆ ಪ್ರೀತಿಯಿಂದಲೇ ಹೇಳಿದರು. ನಾನೂ ಒಂದು ತಿಂದೆ.

ಅವರು ನಟಿಸುತ್ತಿದ್ದರು ಎಂದು ಗೊತ್ತಾಗಿದ್ದರೆ ಅವರ ಕಲೆಗಾದರೂ ಒಂದು ಬೆಲೆ ಕೊಡುತ್ತಿದ್ದೆ. ಅವರು ನಟಿಸುತ್ತಿರಲಿಲ್ಲ. ಆ ಕಣ್ಣೀರು ನಿಜ. ಬೇರೆಯವರ ಸಂಕಟವನ್ನು ಅನುಭವಿಸಿ, ಅದರಲ್ಲಿ ಮಿಂದು, ಶುದ್ಧರಾಗಿ ಎದ್ದು ಬರುತ್ತಿದ್ದರು. ಅಲ್ಲಿಗೆ ಆ ಸಂಕಟಕ್ಕೆ ತಾವು ಮಾಡಬೇಕಾದ್ದೆಲ್ಲ ಮುಗಿಯಿತೆಂದು ನಂಬಿದ್ದರು. ಬಿಗಿಯಾದ ಹಿಡಿಗೆ ಒಂದು ಹನಿ ಎಣ್ಣೆ ಬಿಡಿಸಲಾಗದ ಕರುಣೆ ಅದು. ಬೈದು, ಕೂಗಾಡಿ, ಕೊನೆಗೆ ಒಂದು ದಿನ ರಜೆ ಕೊಡುವ ಒರಟ ಸೂಪರ್‌ವೈಸರುಗಳನ್ನು ನಾನು ಆಮೇಲೆ ಕಂಡಿದ್ದೇನೆ. ಅವರ ಮುಂದೆ ಇವರ ಮೆತ್ತನೆಯ ಕೈ ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ನಿವೃತ್ತಿಯ ದಿನ ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿದರು. ಉಳಿದಿದ್ದ ಹೆಂಗಸರು ಅತ್ತರು. ಮಹದೇವಮ್ಮ ಮಾತ್ರ ಹಿಂದಿನ ಸಾಲಿನಲ್ಲಿ ಕೂತು ಲಾಡು ತಿನ್ನುತ್ತಿದ್ದಳು. ಅವರು ಶ್ರೀರಾಂಪುರದಲ್ಲಿ ಮನೆ ಕಟ್ಟಿಸಿದ್ದರು, ಅಲ್ಲಿಗೆ ಹೋದರು. ಕಾಲೇಜುಗಳಲ್ಲಿ 'ನಗುನಗುತ್ತ ಕೆಲಸ' ಎಂದು ಭಾಷಣ ಮಾಡುತ್ತಾರೆಂದು ಕೇಳಿದೆ.

ವರ್ಷದ ಮೇಲೆ ಒಂದು ಭಾನುವಾರ ಕರೆದರೆಂದು ಹೋಗಿದ್ದೆ. ವರಾಂಡದಲ್ಲಿ ಕೂತಿದ್ದರು. ಯಾರೂ ಬರುವುದಿಲ್ಲ, ಫೋನೂ ಮಾಡುವುದಿಲ್ಲ, ಅಷ್ಟು ಮಾಡಿದೆ ಅವರಿಗೆಲ್ಲ ಎಂದರು. ಹೆಂಡತಿ ಕಾಫಿ ತಂದಿಟ್ಟರು. ಅವರು ಅಭ್ಯಾಸದ ಹಾಗೆ ತಲೆ ವಾಲಿಸಿ ನನ್ನನ್ನು ವಿಚಾರಿಸಲು ಹೊರಟರು.

"ನಿಮ್ಮ ಮಗಳು… ಏನು ಅವಳ ಹೆಸರು? ಮಗಳೇ ಅಲ್ವಾ ನಿಮಗೆ?"

ಮಗಳ ನಾಮಕರಣಕ್ಕೆ ಬಂದು ತೊಟ್ಟಿಲು ತೂಗಿದ್ದ ಮನುಷ್ಯ. ನೋಟ್‌ಬುಕ್ ಕಾರ್ಖಾನೆಯ ಡ್ರಾಯರಿನಲ್ಲೇ ಉಳಿದಿತ್ತು. ಹೆಸರು ಹೇಳಿ, ಕಾಫಿ ಕುಡಿದು ಎದ್ದೆ. ಗೇಟಿನವರೆಗೂ ಬಂದು, "ಆಗಾಗ ಬರ್ತಿರಿ" ಎಂದರು. ಪಾಪ ಅನ್ನಿಸಿತು, ಬಸ್‌ಸ್ಟಾಪ್ ಮುಟ್ಟುವವರೆಗೆ. ಮತ್ತೆ ಹೋಗಲಿಲ್ಲ.

ಶ್ರದ್ಧಾಂಜಲಿ ಸಭೆಗೆ ಹೋದೆ. ಶ್ರೀರಾಂಪುರದ ಒಂದು ಸಣ್ಣ ಸಭಾಂಗಣ. ಅವರ ಜೊತೆ ಹೆಚ್ಚು ವರ್ಷ ಇದ್ದವನು ನೀನು, ಎರಡು ಮಾತಾಡು ಎಂದು ಕಾರ್ಖಾನೆಯವರು ಹೇಳಿದರು. ಗಂಟಲು ಸರಿಯಿಲ್ಲ ಎಂದೆ. ನನ್ನ ಬದಲು ಎದ್ದು ಮಾತಾಡಿದವಳು ಮಂಜುಳಾ. ಅವಳನ್ನು ನೋಡಿ ಆರು ವರ್ಷವಾಗಿತ್ತು. ಕೆಲಸ ಬಿಡಿಸುವಾಗಲೂ ಕೈ ಹಿಡಿದುಕೊಂಡು ಅತ್ತ ಅಧಿಕಾರಿಯನ್ನು ತಾನು ಬೇರೆಲ್ಲೂ ಕಂಡಿಲ್ಲ ಎಂದಳು. ತಂದೆಯಂಥವರು ಎಂದಳು. ಜನ ಕಣ್ಣೊರೆಸಿಕೊಂಡರು.

ಮುಗಿದ ಮೇಲೆ ಹೊರಗೆ, ಮರದ ಕೆಳಗೆ ಟೀ ಹಿಡಿದು ನಿಂತಿದ್ದಳು. ಎಡಗೈಯಲ್ಲಿ ಹಿಡಿದಿದ್ದಳು. ಬಲಗೈ ಬೆರಳು ಪೂರ್ತಿ ಮಡಚುವುದಿಲ್ಲವಂತೆ. ಆಮೇಲೆ ಬೇರೆ ಕಾರ್ಖಾನೆಗಳಲ್ಲಿ ಕೇಳಿದಳಂತೆ, ಆ ಕೈ ನೋಡಿ ಯಾರೂ ತೆಗೆದುಕೊಳ್ಳಲಿಲ್ಲ. ಈಗ ಕುಂಬಾರಕೊಪ್ಪಲಿನಲ್ಲಿ ಮನೆಯಲ್ಲೇ ದೋಸೆಹಿಟ್ಟು ರುಬ್ಬಿ ಮಾರುತ್ತಾಳೆ.

"ಅವ್ರೊಬ್ರೇ ಸಾರ್, ನಮ್ಮನ್ನ ಮನುಷ್ಯರು ಅಂತ ನೋಡಿದ್ದು" ಎಂದಳು.

ನನಗೆ ತಡೆಯಲಾಗಲಿಲ್ಲ. ಅವಳ ಮೇಲಿನ ಕನಿಕರದಿಂದಲೋ, ಸತ್ತ ಮೇಲೂ ಆ ಮನುಷ್ಯ ಗೆಲ್ಲುತ್ತಿದ್ದಾನಲ್ಲ ಎಂಬ ಉರಿಯಿಂದಲೋ, ಎಲ್ಲ ಹೇಳಿದೆ. ನೋಟ್‌ಬುಕ್, ಪಟ್ಟಿ, ಷರಾ ಕಾಲಂ, ಮಹದೇವಮ್ಮನನ್ನು ಬಿಟ್ಟದ್ದು. ಮಂಜುಳಾ ಟೀ ಕುಡಿಯುವುದನ್ನು ನಿಲ್ಲಿಸಿದಳು.

"ನನ್ನ ಹೆಸರಿನ ಮುಂದೆ ಏನಿತ್ತು?"

ಹೇಳಿದೆ.

ಅವಳು ಅದನ್ನು ಒಮ್ಮೆ ತುಟಿಯಲ್ಲೇ ಹೇಳಿಕೊಂಡಳು. ಅವಳಿಗೆ ಅಳು ಬರಲಿಲ್ಲ. ಆಮೇಲೆ ಕೇಳಿದಳು: "ಟೈಪ್ ಮಾಡಿದ್ದು ಯಾರು?"

"ನಾನೇ."

"ಅವತ್ತು ಮುಕ್ಕಾಲು ಗಂಟೆ ನಿಮ್ಮ ಎದುರಿಗೇ ಬೆಂಚ್ ಮೇಲೆ ಕೂತಿದ್ದೆ ಸಾರ್. ನೀರು ಬೇಕಾ ಅಂತ ಕೇಳಿದ್ರಿ. ಇದನ್ನ ಹೇಳ್ಲಿಲ್ಲ."

ಅವಳೇ ಮುಂದುವರಿಸಿದಳು.

"ನನ್ನ ಮನೆಯವ್ರು ಕುಡೀತಾರೆ ಅನ್ನೋದನ್ನ ಅವ್ರಿಗೆ ಹೇಳಿದ್ದೂ ನೀವೇ. ಅವತ್ತೇ ಗೊತ್ತಾಗಿತ್ತು ನಂಗೆ. ಹೋಗ್ಲಿ, ಒಳ್ಳೇದಕ್ಕೆ ಹೇಳಿರ್ತಾರೆ ಅಂತ ಸುಮ್ಕಾದೆ." ಉಳಿದ ಟೀಯನ್ನು ಮರದ ಬುಡಕ್ಕೆ ಚೆಲ್ಲಿದಳು. "ಅವ್ರು ಸತ್ತು ನಾಕು ದಿನ ಆದ್ಮೇಲೆ ನಿಮ್ಗೆ ಧೈರ್ಯ ಬಂತಾ? ಇನ್ನೂ ಇಪ್ಪತ್ತೊಂದು ಜನ ಇದ್ದಾರೆ. ಅವ್ರಿಗೂ ಹೇಳ್ತೀರಾ, ಇಲ್ಲ ನಂಗೊಬ್ಳಿಗೇನಾ?"

ಉತ್ತರಕ್ಕೆ ಕಾಯದೆ ಬಸ್‌ಸ್ಟಾಪಿನ ಕಡೆ ನಡೆದಳು. ಆ ಮನುಷ್ಯನನ್ನು ಇಷ್ಟು ವರ್ಷ ಯಾವ ಕಣ್ಣಿನಿಂದ ನೋಡಿದ್ದೆನೋ ಅದೇ ಕಣ್ಣಿನಿಂದ ಅವಳು ನನ್ನನ್ನು ನೋಡಿದ್ದಳು. ಹಾಗೆ ನೋಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಈಗ ಭಾನುವಾರಗಳಲ್ಲಿ ಆ ಇಪ್ಪತ್ತೊಂದು ಜನರ ಮನೆಗಳಿಗೆ ಹೋಗುತ್ತಿದ್ದೇನೆ. ಇಷ್ಟರಲ್ಲಿ ನಾಲ್ಕು ಮನೆ ಆಗಿದೆ. ಒಂದು ಕಡೆ ಪೂರ್ತಿ ಕೇಳುವ ಮೊದಲೇ ಬಾಗಿಲು ಹಾಕಿದರು. ಒಂದು ಕಡೆ, "ಅಂಥವರ ಮೇಲೆ ಹಿಂಗೆಲ್ಲ ಹೇಳೋಕೆ ನಾಲಿಗೆ ಹೆಂಗೆ ಬಂತು?" ಎಂದು ಬೈದು ಕಳಿಸಿದರು. ಒಂದು ಮನೆಯ ಹೆಂಗಸು ಕೇಳುತ್ತಿದ್ದಂತೆ ಸಿಟ್ಟಿಗೆದ್ದಳು. ಅವಳ ಕಷ್ಟವನ್ನು ನಾನು ವಿಚಾರಿಸಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಅವಳ ಹೆಸರಿನ ಮುಂದೆ ಏನು ಬರೆದಿತ್ತೋ ಅದನ್ನು ಹೇಳಿದೆ, ಬರೆದ ಕೈ ನನ್ನದು ಎಂದೆ, ಅವಳು ಬೈದು ಮುಗಿಸುವವರೆಗೂ ಬಾಗಿಲಲ್ಲೇ ನಿಂತಿದ್ದೆ.